ಕಳೆ ಕೊಚ್ಚುವ ಯಂತ್ರಗಳ ಪಾಲನೆ: ಗ್ರಾಮದ ಯಜಮಾನರಲ್ಲಿ ಒಂದು ವಿಜ್ಞಾಪನೆ

(ಕೃಷಿ ಇನ್‌ಸ್ಪೆಕ್ಟರೊಬ್ಬರು, ಎಲ್.ಎಜಿ.)

ಮಲೆನಾಡು ಮತ್ತು ಅರೆಮಲೆನಾಡು ಸೀಮೆಗಳ ಅಡಿಕೆ, ಕಾಫಿ, ತೆಂಗಿನ ತೋಟಗಳಲ್ಲಿ ಹೆಗಲಿಗೆ ತೂಗುಹಾಕಿಕೊಂಡು ಕಳೆ ಕೊಚ್ಚುವ ಸಣ್ಣ ಯಂತ್ರಗಳು ಈಚಿನ ವರ್ಷಗಳಲ್ಲಿ ಬಹಳವಾಗಿ ಬಳಕೆಗೆ ಬಂದಿರುವುದು ಸರ್ವರಿಗೂ ವೇದ್ಯವಾಗಿಯೇ ಇದೆ. ಜನರು ಇದನ್ನು ಕಳೆ ಹೊಡೆಯುವ ಮಿಷನ್ನೆಂದೂ ವೀಡ್ ಕಟರೆಂದೂ ಕರೆಯುವರು. ಕೆಲವರು ಸ್ವಂತ ಹಣದಿಂದಲೂ, ಕೆಲವರು ಸರ್ಕಾರದ ಸಹಾಯಧನದಿಂದಲೂ ಇವನ್ನು ಕೊಂಡಿದ್ದಾರೆ; ಕೆಲವು ಗ್ರಾಮಗಳಲ್ಲಿ ಸಂಘದವರೆಲ್ಲರೂ ಕೂಡಿ ಕೊಂಡಿದ್ದಾರೆ. ಯಂತ್ರವನ್ನು ಕೊಳ್ಳಬೇಕೆ ಬೇಡವೆ ಎಂಬ ಚರ್ಚೆ ಹಳೆಯದಾಯಿತು. ಈಗ ಕೇಳಬೇಕಾದ ಪ್ರಶ್ನೆ ಬೇರೆ. ಕೊಂಡ ಯಂತ್ರಗಳ ಪೈಕಿ, ಮುಂಗಾರಿನ ಮೊದಲನೆಯ ಕಳೆಯ ಹೊತ್ತಿಗೆ ಹಗ್ಗವನ್ನೆಳೆದೊಡನೆ ಹೊರಡತಕ್ಕವು ಎಷ್ಟು?

ಜೂನ್, ಜುಲೈ ತಿಂಗಳುಗಳಲ್ಲಿ ಸರ್ಕೀಟು ಹೊರಟವರಿಗೆ ಗ್ರಾಮಗಳಲ್ಲಿ ಕಾಣುವ ನೋಟವು ಬಹುಮಟ್ಟಿಗೆ ಒಂದೇ ಬಗೆಯದು. ಯಂತ್ರವು ಅಟ್ಟದಿಂದ ಇಳಿಯುವುದು. ಮನೆಯ ಗಂಡಸರೆಲ್ಲರೂ ಸರದಿಯ ಮೇಲೆ ಹಗ್ಗವನ್ನೆಳೆಯುವರು. ಅದು ಒಂದೆರಡು ಸಾರಿ ಕೆಮ್ಮಿ ಸುಮ್ಮನಾಗುವುದು. ಕೊನೆಗೆ ಅದನ್ನು ತಾಲ್ಲೂಕು ಕಸಬೆಯ ರಿಪೇರಿ ಅಂಗಡಿಗೆ ಒಯ್ಯುವರು. ಅಲ್ಲಿ ಇದರಂತೆಯೇ ಬಂದ ಯಂತ್ರಗಳು ಆಗಲೇ ಗೋಡೆಗೆ ಸಾಲಾಗಿ ಒರಗಿರುವುವು. ಅಂಗಡಿಯವನು ವಾರ ಬಿಟ್ಟು ಬರುವಂತೆ ಹೇಳುವನು. ಅಷ್ಟರಲ್ಲಿ ಮಳೆ ಹಿಡಿಯುವುದು, ಕಳೆ ಮೊಣಕಾಲು ಮುಟ್ಟುವುದು, ಹೂ ಬಿಟ್ಟು ಬೀಜ ಕಟ್ಟುವುದು. ದೊಡ್ಡ ಹಿಡುವಳಿದಾರನು ಇನ್ನೊಂದು ಯಂತ್ರವನ್ನು ತರಿಸಿಯಾನು. ಒಂದೂವರೆ ಎಕರೆ ತೋಟವಿದ್ದು ಸಂಘದ ಯಂತ್ರಕ್ಕೆ ಸರದಿ ಬರೆಸಿದವನ ಗತಿಯೇನು? ಅವನ ಸರದಿ ತಪ್ಪಿತು, ಕೂಲಿಯಾಳು ಸಿಕ್ಕುವುದಿಲ್ಲ, ಸಿಕ್ಕಿದರೆ ಸಾಲ ಮಾಡಿ ಕೂಲಿ ಕೊಡಬೇಕು. ಕೊಯ್ಲಿಗೆ ಮುಂಚೆ ತೋಟ ಚೊಕ್ಕಟವಾಗದಿದ್ದರೆ ಉದುರಿದ ಅಡಿಕೆಯನ್ನು ಹುಲ್ಲಿನಲ್ಲಿ ಹೆಕ್ಕುವುದೂ ಕಷ್ಟ.

ಇದಕ್ಕೆಲ್ಲ ಯಂತ್ರದ ದೋಷವೇ ಕಾರಣವೆಂದು ಜನರು ಭಾವಿಸಿರುವರು. ಈ ಲೇಖಕನ ಅಭಿಪ್ರಾಯ ಹಾಗಲ್ಲ. ನಮ್ಮ ಹಳ್ಳಿಗಳಲ್ಲಿ ಇಂಥ ಯಂತ್ರಗಳು ದುಡಿದು ಸವೆದು ಸಾಯುವುದು ಅಪರೂಪ. ಸುಮ್ಮನೆ ಬಿದ್ದಿದ್ದು ಸಾಯುವುದೇ ಹೆಚ್ಚು. ಇಲ್ಲವೆ ಹತ್ತು ಕೈಗಳಿಗೆ ಸಿಕ್ಕಿ ಸಾಯುವುವು. ಈ ಎರಡಕ್ಕೂ ಪರಿಹಾರವು ಮೆಕ್ಯಾನಿಕನಲ್ಲಿಲ್ಲ, ಗ್ರಾಮದ ಯಜಮಾನರಲ್ಲಿಯೂ ಹಿಡುವಳಿದಾರರಲ್ಲಿಯೂ ಇದೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸುಮ್ಮನೆ ಬಿದ್ದಿರುವುದರ ವಿಷಯ. ಕೊಯ್ಲು ಮುಗಿದ ಮೇಲೆ ಯಂತ್ರಕ್ಕೆ ಐದಾರು ತಿಂಗಳು ಕೆಲಸವಿಲ್ಲ. ಕೊನೆಯ ದಿನದ ಸಂಜೆ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲನ್ನು ಹಾಗೆಯೇ ಬಿಟ್ಟು ಅದನ್ನು ಮೂಲೆಗೆ ಒರಗಿಸುವರು. ಪೆಟ್ರೋಲಿನಲ್ಲಿ ಹಗುರವಾದ ಅಂಶವು ಮೆಲ್ಲಮೆಲ್ಲನೆ ಆವಿಯಾಗಿ ಹೋಗುವುದು. ಉಳಿದದ್ದು ಅಂಟಿನಂತೆ ಗಟ್ಟಿಯಾಗಿ ಕಾರ್ಬುರೇಟರಿನ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳನ್ನು ಮುಚ್ಚುವುದು. ಈಗಿನ ಕಾಲದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಕೂಡಿದೆ. 2023ನೆಯ ಇಸವಿ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟವನ್ನು ಆರಂಭಿಸಲಾಯಿತು. ಆ ಮೇಲೆ ಅದು ದೇಶದಲ್ಲೆಲ್ಲ ಹರಡಿತು. ಎಥನಾಲಿಗೆ ನೀರಿನ ಮೇಲೆ ಬಹಳ ಆಸೆ. ಗಾಳಿಯಲ್ಲಿರುವ ತೇವವನ್ನು ಅದು ಹೀರಿಕೊಳ್ಳುವುದು. ತೇವ ಮಿತಿಮೀರಿದರೆ ನೀರೂ ಎಥನಾಲೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುವುದು. ಪೆಟ್ರೋಲನ್ನು ಎಳೆಯುವ ಕೊಳವೆಯ ಬಾಯಿ ಇರುವುದೂ ಆ ತಳದಲ್ಲಿಯೇ. ಹಳೆಯ ಯಂತ್ರಗಳ ರಬ್ಬರಿನ ಕೊಳವೆಗಳನ್ನೂ ಕಾರ್ಬುರೇಟರಿನೊಳಗಿನ ತೆಳುವಾದ ಪೊರೆಯನ್ನೂ ಎಥನಾಲು ಬಿರುಸು ಮಾಡುವುದೂ ಉಂಟು. ಮಲೆನಾಡಿನಲ್ಲಿ ಗಾಳಿಯೇ ನೀರಾಗಿರುವ ತಿಂಗಳುಗಳಲ್ಲಿ ಇದರ ಪರಿಣಾಮವನ್ನು ಹೇಳಬೇಕಾದದ್ದಿಲ್ಲ.

ಎಥನಾಲನ್ನು ದೂಷಿಸುವುದು ನನ್ನ ಇಚ್ಛೆಯಲ್ಲ. ಮಂಡ್ಯ, ಬೆಳಗಾವಿ ಕಡೆಯ ಕಬ್ಬಿನ ಬೆಳೆಗಾರರಿಗೆ ಅದರಿಂದ ಒಂದು ಗಿರಾಕಿ ಹೆಚ್ಚಾಗಿದೆ. ನಾವು ಮಾಡಬೇಕಾದದ್ದು ಇಷ್ಟೇ: ಹದಿನೈದು ದಿವಸಕ್ಕಿಂತ ಹೆಚ್ಚು ಕಾಲ ಯಂತ್ರಕ್ಕೆ ಕೆಲಸವಿಲ್ಲವೆಂದು ಗೊತ್ತಾದರೆ ಟ್ಯಾಂಕನ್ನು ಬರಿದು ಮಾಡತಕ್ಕದ್ದು. ಆಮೇಲೆ ಯಂತ್ರವನ್ನು ಹೊರಡಿಸಿ, ಕಾರ್ಬುರೇಟರಿನಲ್ಲಿ ಉಳಿದದ್ದೂ ಸುಟ್ಟುಹೋಗಿ ಅದು ತಾನಾಗಿ ನಿಲ್ಲುವವರೆಗೆ ಬಿಡತಕ್ಕದ್ದು. ದೀರ್ಘಕಾಲ ಇಡಬೇಕಾದರೆ ಪ್ಲಗ್ಗನ್ನು ಬಿಚ್ಚಿ, ಆ ರಂಧ್ರದಲ್ಲಿ ನಾಲ್ಕಾರು ತೊಟ್ಟು ಎಂಜಿನ್ ಆಯಿಲ್ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎರಡು ಮೂರು ಸಾರಿ ಎಳೆದು, ಪ್ಲಗ್ಗನ್ನು ತಿರುಗಿ ಹಾಕತಕ್ಕದ್ದು. ಇದಕ್ಕೆಲ್ಲ ಅರ್ಧ ಗಂಟೆ ಸಾಕು. ಯಂತ್ರವನ್ನು ನೆಲದ ಮೇಲಿಡದೆ ಗಾಳಿಯಾಡುವ ಕಡೆ ತೂಗುಹಾಕುವುದು ಉತ್ತಮ. ಅಡಿಕೆ ಮೂಟೆಗಳ ನಡುವೆ ಇಟ್ಟರೆ ಇಲಿಗಳು ಮೊದಲು ರುಚಿ ನೋಡುವುದು ಪೆಟ್ರೋಲಿನ ಕೊಳವೆಯನ್ನೇ.

ನಮ್ಮ ತೋಟಿಗರಿಗೆ ಇದು ಹೊಸ ಶಿಸ್ತೇನೂ ಅಲ್ಲ. ಡಾ|| ಲೆಸ್ಲಿ ಕೋಲ್ಮನ್ನರು ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗವನ್ನು ಪರಿಶೋಧಿಸಿ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಬಳಕೆಗೆ ತಂದು ನೂರು ವರ್ಷಗಳಿಗೆ ಮೇಲಾಯಿತು. ಅಂದಿನಿಂದ ಇಂದಿನವರೆಗೆ ಯಾವ ತೋಟಿಗನೂ ಮೈಲುತುತ್ತದ ದ್ರಾವಣವನ್ನು ಪಂಪಿನಲ್ಲಿ ರಾತ್ರಿ ಬಿಡುವುದಿಲ್ಲ. ತಾಮ್ರವು ಕಬ್ಬಿಣವನ್ನು ತಿನ್ನುವುದೆಂದು ಅವನಿಗೆ ಗೊತ್ತು. ಸಂಜೆ ಎಷ್ಟೇ ದಣಿದಿರಲಿ, ಪಂಪನ್ನು ಒಳ್ಳೆಯ ನೀರಿನಿಂದ ತೊಳೆದೇ ಮನೆಗೆ ಹೋಗುವನು. ಅದೇ ಮನೆಯಲ್ಲಿ ಅದೇ ಗೋಡೆಗೆ ಒರಗಿದ ಕಳೆಯಂತ್ರದಲ್ಲಿ ಮಾತ್ರ ಆರು ತಿಂಗಳ ಪೆಟ್ರೋಲು ನಿಂತಿರುವುದು ಆಶ್ಚರ್ಯವಲ್ಲವೆ?

ಇನ್ನು ಆಯಿಲಿನ ವಿಷಯ. ಇದರಲ್ಲಿ ನಡೆಯುವ ತಪ್ಪಿನಿಂದ ಯಂತ್ರವು ಒಂದೇ ದಿವಸದಲ್ಲಿ ಹಾಳಾಗಬಹುದಾದ್ದರಿಂದ ಯಜಮಾನರು ಇದನ್ನು ಆಳಿಗೆ ಬಿಡದೆ ತಾವೇ ತಿಳಿದಿರಬೇಕು. ಈ ಯಂತ್ರಗಳಲ್ಲಿ ಎರಡು ಜಾತಿಗಳಿವೆ. ಟೂ-ಸ್ಟ್ರೋಕ್ ಎಂಬುದಕ್ಕೆ ಆಯಿಲನ್ನು ಪೆಟ್ರೋಲಿನಲ್ಲಿಯೇ ಬೆರೆಸಿ ಹಾಕಬೇಕು. ಬೇರೆ ಆಯಿಲ್ ಟ್ಯಾಂಕಿಲ್ಲ. ಫೋರ್-ಸ್ಟ್ರೋಕ್ ಎಂಬುದಕ್ಕೆ ಬರಿಯ ಪೆಟ್ರೋಲು. ಆಯಿಲು ಬೇರೆ ಕೋಣೆಯಲ್ಲಿರುವುದು, ಅದೂ ಸುಮಾರು 100 ಮಿಲಿಲೀಟರು ಮಾತ್ರ, ಎಂದರೆ ಒಂದು ಸಣ್ಣ ಲೋಟದಷ್ಟು. ಟೂ-ಸ್ಟ್ರೋಕ್ ಯಂತ್ರಕ್ಕೆ ಬರಿಯ ಪೆಟ್ರೋಲು ಹಾಕಿದರೆ ಒಳಗಿನ ಪಿಸ್ಟನ್ನಿಗೆ ಜಿಡ್ಡು ಸಿಕ್ಕದೆ ಅದು ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುವುದು. ಅದಕ್ಕೆ ಆಗುವ ಖರ್ಚಿನಲ್ಲಿ ಅರ್ಧ ಯಂತ್ರ ಬರುವುದು. ಪೆಟ್ರೋಲು ಹಾಕುವಾಗ ಎಲ್ಲ ಡಬ್ಬಿಗಳೂ ಒಂದೇ ರೀತಿ ಕಾಣುವುದರಿಂದಲೇ ಈ ಅನರ್ಥವಾಗುವುದು. ಬೆರಕೆ ಪೆಟ್ರೋಲಿನ ಡಬ್ಬಿಗೆ ಕೆಂಪು ಬಣ್ಣದ ಪಟ್ಟಿಯನ್ನು ಬಳಿದಿಟ್ಟರೆ ಓದುಬರಹ ಬಾರದ ಆಳೂ ತಪ್ಪು ಮಾಡನು.

ಬೆರಕೆಯ ಪ್ರಮಾಣವನ್ನು ಕಣ್ಣಂದಾಜಿನಿಂದ ನಿಶ್ಚಯಿಸುವುದು ವಿಹಿತವಲ್ಲ. ಕೆಲವು ಯಂತ್ರಗಳಿಗೆ 25 ಭಾಗ ಪೆಟ್ರೋಲಿಗೆ 1 ಭಾಗ ಆಯಿಲು, ಎಂದರೆ ಲೀಟರಿಗೆ 40 ಮಿಲಿಲೀಟರು. ಮತ್ತೆ ಕೆಲವಕ್ಕೆ, ತಯಾರಕರು ಹೇಳಿದ ಉತ್ತಮ ದರ್ಜೆಯ ಆಯಿಲಾದರೆ, 50ಕ್ಕೆ 1, ಎಂದರೆ ಲೀಟರಿಗೆ 20 ಮಿಲಿಲೀಟರು. ಯಾವುದು ತಮ್ಮ ಯಂತ್ರದ್ದೆಂಬುದನ್ನು ಕೈಪಿಡಿಯಲ್ಲಿ ನೋಡಿ ಡಬ್ಬಿಯ ಮೇಲೆಯೇ ಬರೆದಿಡತಕ್ಕದ್ದು. ಔಷಧದ ಸೀಸೆಯೊಡನೆ ಬರುವ ಅಳತೆಯ ಮುಚ್ಚಳ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಆಯಿಲು ಹೆಚ್ಚಾದರೆ ಹೊಗೆ ಹೆಚ್ಚುವುದು, ಪ್ಲಗ್ಗು ಕರಿಹಿಡಿಯುವುದು, ಹೊಗೆಗೂಡಿನ ಬಾಯಿ ಕಟ್ಟುವುದು. ಕಡಮೆಯಾದರೆ ಮೇಲೆ ಹೇಳಿದ ಮರಣ. ಕಲಸಿದ ಪೆಟ್ರೋಲನ್ನು ಒಂದು ತಿಂಗಳೊಳಗಾಗಿ ಮುಗಿಸಬೇಕು. ಫೋರ್-ಸ್ಟ್ರೋಕ್ ಯಂತ್ರದ ಆಯಿಲನ್ನು ಹೊಸದರಲ್ಲಿ ಸುಮಾರು 10 ಗಂಟೆಗಳ ಕೆಲಸವಾದ ಕೂಡಲೇ ಬದಲಾಯಿಸಿ, ಆಮೇಲೆ ಸಾಮಾನ್ಯವಾಗಿ 50 ಗಂಟೆಗಳಿಗೊಮ್ಮೆ ಬದಲಾಯಿಸತಕ್ಕದ್ದು. ಕೈಪಿಡಿಯಲ್ಲಿ ಬೇರೆ ಹೇಳಿದ್ದರೆ ಅದೇ ಪ್ರಮಾಣ.

ಯಂತ್ರ ಹೊರಡದಿದ್ದಾಗ ಏನು ಮಾಡಬೇಕೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆನು. ಎಂಜಿನಿಗೆ ಬೇಕಾದವು ಮೂರೇ: ಪೆಟ್ರೋಲು, ಗಾಳಿ, ಕಿಡಿ. ಇವುಗಳಲ್ಲಿ ಯಾವುದು ತಪ್ಪಿದೆಯೆಂಬುದನ್ನು ಕಂಡುಹಿಡಿಯದೆ ಹಗ್ಗವನ್ನೇ ಎಳೆಯುತ್ತಿದ್ದರೆ ತೋಳು ನೋಯುವುದಲ್ಲದೆ ಹಗ್ಗವೂ ಕಿತ್ತುಹೋಗುವುದು. ಎಲ್ಲಕ್ಕಿಂತ ಮೊದಲು ಸ್ವಿಚ್ಚನ್ನು ನೋಡಿರಿ. ಇದನ್ನು ಓದಿ ನಗಬೇಡಿರಿ; ಹಿಡಿಯ ಮೇಲಿನ ಸ್ವಿಚ್ಚು ನಿಲ್ಲಿಸುವ ಕಡೆಗೇ ಇದ್ದು, ಯಂತ್ರವು ಆಟೋರಿಕ್ಷಾ ಹತ್ತಿ ಕಸಬೆಗೆ ಹೋಗಿ, ಅಂಗಡಿಯವನ ಹೆಬ್ಬೆರಳಿನಿಂದಲೇ ಗುಣವಾಗಿ ಬಂದದ್ದುಂಟು.

ಆಮೇಲೆ ಪ್ಲಗ್ಗನ್ನು ಬಿಚ್ಚಿ ಅದರ ತುದಿಯನ್ನು ನೋಡತಕ್ಕದ್ದು. ವೈದ್ಯನಿಗೆ ರೋಗಿಯ ನಾಲಗೆ ಹೇಗೋ ಯಂತ್ರದ ವಿಷಯದಲ್ಲಿ ಪ್ಲಗ್ಗು ಹಾಗೆ. ತುದಿ ಒದ್ದೆಯಾಗಿದ್ದರೆ ಪೆಟ್ರೋಲು ಒಳಗೆ ಬರುತ್ತಿದೆ, ಕಿಡಿ ಹತ್ತುತ್ತಿಲ್ಲ, ಅಥವಾ ಚೋಕನ್ನು ಮುಚ್ಚಿ ಅತಿಯಾಗಿ ಎಳೆದದ್ದರಿಂದ ಪೆಟ್ರೋಲು ತುಂಬಿಕೊಂಡಿದೆ ಎಂದು ತಿಳಿಯಬೇಕು. ಆಗ ಪ್ಲಗ್ಗನ್ನು ಒರೆಸಿ ಒಣಗಿಸಿ, ಅದು ಹೊರಗಿರುವಾಗಲೇ ಸ್ವಿಚ್ಚು ಆರಿಸಿ ಚೋಕನ್ನು ತೆರೆದು ಐದಾರು ಸಾರಿ ಹಗ್ಗವನ್ನೆಳೆದರೆ ಹೆಚ್ಚಿನ ಪೆಟ್ರೋಲು ಹೊರಬೀಳುವುದು. ತುದಿಯ ಕರಿಯನ್ನು ಹಿತ್ತಾಳೆ ತಂತಿಯ ಬ್ರಶ್ಶಿನಿಂದ ತೆಗೆಯಬಹುದು. ತುದಿಯಲ್ಲಿ ಎರಡು ಲೋಹಗಳ ನಡುವಣ ಸಂದು ಸಾಧಾರಣವಾಗಿ 0.6ರಿಂದ 0.7 ಮಿಲಿಮೀಟರಿರಬೇಕು; ಅಳೆಯುವ ಸಾಧನವಿಲ್ಲದವರು ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡನ್ನು ತೂರಿಸಿ ನೋಡಬಹುದು, ಅದರ ದಪ್ಪವೂ ಹೆಚ್ಚು ಕಡಮೆ ಅಷ್ಟೇ. ಕಿಡಿಯನ್ನು ಪರೀಕ್ಷಿಸುವಾಗ ಚೆಲ್ಲಿದ ಪೆಟ್ರೋಲನ್ನೆಲ್ಲ ಒರೆಸಿ, ಟ್ಯಾಂಕಿನ ಮುಚ್ಚಳವನ್ನು ಬಿಗಿದು, ಪ್ಲಗ್ಗನ್ನು ಅದರ ಟೋಪಿಗೆ ಸಿಕ್ಕಿಸಿ, ಲೋಹದ ಮೈಯನ್ನು ಎಂಜಿನಿನ ಬರಿಯ ಲೋಹಕ್ಕೆ ತಾಗಿಸಿ, ಪ್ಲಗ್ಗಿನ ರಂಧ್ರದಿಂದ ದೂರವಾಗಿ ಹಿಡಿದು, ಸ್ವಿಚ್ಚು ಹಾಕಿ ಹಗ್ಗವನ್ನೆಳೆಯಬೇಕು. ನೀಲಿ ಕಿಡಿ ಚಟಚಟನೆ ಕಂಡರೆ ಸರಿ. ಕಾಣದಿದ್ದರೆ ಹೊಸ ಪ್ಲಗ್ಗು ಹಾಕಿ ನೋಡುವುದು. ಆಗಲೂ ಕಾಣದಿದ್ದರೆ ಮಾತ್ರ ಅಂಗಡಿಗೆ ಒಯ್ಯುವುದು.

ಪ್ಲಗ್ಗಿನ ತುದಿ ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಟ್ಯಾಂಕಿನೊಳಗೆ ಕೊಳವೆಯ ತುದಿಯಲ್ಲಿ ಬೆರಳ ತುದಿಯಷ್ಟು ದಪ್ಪದ ಸೋಸುವ ಫಿಲ್ಟರಿದೆ. ತಂತಿಯ ಕೊಕ್ಕೆಯಿಂದ ಅದನ್ನು ಹೊರಕ್ಕೆಳೆದು ನೋಡಿದರೆ ಎಷ್ಟೋ ವೇಳೆ ಕೆಸರು ಕಟ್ಟಿರುವುದು ಕಾಣುವುದು. ಕೊಳವೆ ಬಿರಿದಿದ್ದರೆ ಅದು ಪೆಟ್ರೋಲಿನ ಬದಲು ಗಾಳಿಯನ್ನೆಳೆಯುವುದು. ಪೆಟ್ರೋಲನ್ನು ಮೇಲಕ್ಕೆ ತರಲು ಬೆರಳಿನಿಂದ ಒತ್ತುವ ರಬ್ಬರಿನ ಗುಳ್ಳೆಯು ಒತ್ತಿದ ಮೇಲೆ ಮತ್ತೆ ಉಬ್ಬದಿದ್ದರೆ, ಅಥವಾ ಉಬ್ಬಿಯೂ ಅದರೊಳಗೆ ಪೆಟ್ರೋಲು ಕಾಣದಿದ್ದರೆ, ದೋಷವು ಈ ಹಾದಿಯಲ್ಲಿಯೇ ಇದೆ. ಇವೆಲ್ಲವೂ ಅಲ್ಪ ಬೆಲೆಯ ಸಾಮಾನುಗಳು. ಇವು ಸರಿಯಿದ್ದೂ ಪೆಟ್ರೋಲು ಬಾರದಿದ್ದರೆ ಕಾರ್ಬುರೇಟರು ಕಟ್ಟಿದೆ. ಅದನ್ನು ಬಿಚ್ಚಿ ತೊಳೆಯುವುದು ತಿಳಿದವರ ಕೆಲಸ.

ಇಲ್ಲಿ ಒಂದು ಮಾತನ್ನು ಖಂಡಿತವಾಗಿ ಹೇಳಬೇಕಾಗಿದೆ. ಕಾರ್ಬುರೇಟರಿನ ಮೇಲೆ ಒಂದೆರಡು ಸಣ್ಣ ಸ್ಕ್ರೂಗಳಿರುವುವು. ಯಂತ್ರ ಹೊರಡದಿದ್ದೊಡನೆ ಅವುಗಳನ್ನು ತಿರುಗಿಸುವ ಚಪಲ ನಮ್ಮ ಯುವಕರಲ್ಲಿ ಬಹಳ. ನಿನ್ನೆಯವರೆಗೆ ಸರಿಯಾಗಿದ್ದ ಸ್ಕ್ರೂ ರಾತ್ರಿ ತಾನಾಗಿ ತಿರುಗಿಕೊಂಡಿತೇ ಎಂದು ಯಾರೂ ಯೋಚಿಸುವುದಿಲ್ಲ. ಅದನ್ನು ಬಿಗಿದು ಪೆಟ್ರೋಲನ್ನು ಕಡಮೆ ಮಾಡಿದರೆ ಯಂತ್ರವು ಮೊದಲು ಗಟ್ಟಿಯಾಗಿ ಕೂಗುತ್ತ ಚುರುಕಾಗಿ ಓಡುವಂತೆ ತೋರಿ, ಒಳಗೊಳಗೇ ಅತಿಯಾಗಿ ಕಾದು ಪಿಸ್ಟನ್ನು ಹಿಡಿದುಕೊಳ್ಳುವುದು. ಆ ಸ್ಕ್ರೂಗಳ ತಂಟೆಗೆ ಹೋಗದಿರುವುದೇ ಯಂತ್ರಪಾಲನೆಯ ಅರ್ಧ ವಿದ್ಯೆ.

ಹೊರಟು ಹತ್ತು ನಿಮಿಷ ಓಡಿ ನಿಲ್ಲುವ ಯಂತ್ರದ ವಿಷಯವೇ ಬೇರೆ. ನಿಂತೊಡನೆ ಟ್ಯಾಂಕಿನ ಮುಚ್ಚಳವನ್ನು ಸ್ವಲ್ಪ ಸಡಿಲಿಸಿದಾಗ ಉಸಿರೆಳೆದಂತೆ ಸದ್ದಾಗಿ ಯಂತ್ರ ಮತ್ತೆ ಹೊರಟರೆ, ಮುಚ್ಚಳದಲ್ಲಿ ಗಾಳಿ ಒಳಗೆ ಹೋಗುವ ರಂಧ್ರ ಮುಚ್ಚಿಹೋಗಿದೆ ಎಂದರ್ಥ. ಅದನ್ನು ತೊಳೆದರೆ ತೀರಿತು. ಓಡಿಯೂ ಬಲವಿಲ್ಲದಿದ್ದರೆ ಗಾಳಿಯನ್ನು ಸೋಸುವ ಫಿಲ್ಟರನ್ನು ನೋಡಬೇಕು. ಸ್ಪಂಜಿನ ಫಿಲ್ಟರನ್ನು ಸಾಬೂನು ನೀರಿನಲ್ಲಿ ಹಿಂಡಿ, ನೆರಳಿನಲ್ಲಿ ಒಣಗಿಸಿ, ಕೈಪಿಡಿಯಲ್ಲಿ ಹೇಳಿದ್ದರೆ ಎರಡು ತೊಟ್ಟು ಆಯಿಲು ಹಾಕಿ ಹಿಂಡಿ ಕೂರಿಸುವುದು. ಕಾಗದದ ಫಿಲ್ಟರನ್ನು ಮಾತ್ರ ತೊಳೆಯಕೂಡದು, ತಟ್ಟಿ ಧೂಳು ಉದುರಿಸಬೇಕು. ಒಣ ಹುಲ್ಲು ಕೊಚ್ಚುವ ದಿವಸಗಳಲ್ಲಿ ಇದು ಪ್ರತಿದಿನದ ಕೆಲಸ. ಹೊಗೆಗೂಡಿನ ಬಾಯಿಯ ಜಾಲರಿಯಲ್ಲಿ ಕರಿ ಕಟ್ಟಿದರೂ, ಬ್ಲೇಡಿನ ಬುಡಕ್ಕೆ ಹುಲ್ಲಿನ ಎಳೆಗಳು ಹಗ್ಗದಂತೆ ಸುತ್ತಿಕೊಂಡರೂ ಬಲ ಕುಗ್ಗುವುದು. ಬ್ಲೇಡಿನ ಬುಡದ ಗೇರ್ ಬಾಕ್ಸಿಗೆ ಸುಮಾರು 25 ಗಂಟೆಗಳಿಗೊಮ್ಮೆ ಗ್ರೀಸು ಬೇಕು. ಅಲ್ಲಿ ಒಂದು ಸ್ಕ್ರೂ ಇದೆ, ಅದನ್ನು ಬಿಚ್ಚಿ ಹಾಕಬೇಕೆಂಬುದೇ ಎಷ್ಟೋ ಮಂದಿಗೆ ತಿಳಿಯದು.

ಇನ್ನು ಮನುಷ್ಯನ ಮೈಗೆ ಸಂಬಂಧಿಸಿದ ವಿಷಯ. ಯಂತ್ರ ಕೆಟ್ಟರೆ ಹಣದಿಂದ ಸರಿಪಡಿಸಬಹುದು, ಕಣ್ಣನ್ನು ಸರಿಪಡಿಸಲಾಗದು. ತಿರುಗುವ ಬ್ಲೇಡಿಗೆ ಸಿಕ್ಕಿದ ಕಲ್ಲಿನ ಚೂರು, ಬೇಲಿಯ ತಂತಿಯ ತುಂಡು ಗುಂಡಿನಂತೆ ಹಾರುವುದು. ಆದಕಾರಣ ಕೆಲಸ ನಡೆಯುವ ಸ್ಥಳದಿಂದ 15 ಮೀಟರಿನೊಳಗೆ ಬೇರೆ ಯಾರೂ, ಮುಖ್ಯವಾಗಿ ಮಕ್ಕಳೂ ದನಕರುಗಳೂ, ಇರಕೂಡದು. ನಡೆಸುವವನಿಗೆ ಕನ್ನಡಕ, ಕಾಲಿಗೆ ಬೂಟು ಅವಶ್ಯಕ. ಬ್ಲೇಡಿನ ಹಿಂದಿರುವ ಮರೆಯ ತಗಡು ಹುಲ್ಲಿಗೆ ತಡೆಯೆಂದು ಅದನ್ನು ಕಳಚಿ ಎಸೆಯುವ ಪದ್ಧತಿ ಎಲ್ಲೆಲ್ಲಿಯೂ ಇದೆ. ಅಂಥ ಯಂತ್ರವನ್ನು ತನ್ನ ತೋಟದೊಳಕ್ಕೆ ಬಿಟ್ಟುಕೊಳ್ಳುವುದಿಲ್ಲವೆಂದು ಒಬ್ಬ ಹಿಡುವಳಿದಾರನು ಹೇಳಿದರೆ ಮರುದಿವಸವೇ ಆ ತಗಡು ಎಲ್ಲಿಂದಲೋ ಹೊರಬರುವುದು.

ಬಿರುಕುಬಿಟ್ಟ ಬ್ಲೇಡನ್ನು ವೆಲ್ಡಿಂಗ್ ಮಾಡಿಸಿ ಬಳಸುವುದಂತೂ ಎಷ್ಟು ಮಾತ್ರಕ್ಕೂ ಕೂಡದು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಉಕ್ಕು ಬೆಸುಗೆಯಲ್ಲಿ ಬಿಟ್ಟುಕೊಂಡರೆ ಅದು ಎಲ್ಲಿಗೆ ಹೋಗಿ ನಾಟುವುದೆಂದು ಯಾರು ಬಲ್ಲರು? ಕೈಗೆ ಅದುರು ಹೆಚ್ಚಾಗಿ ತಗಲಿದರೆ ಬ್ಲೇಡು ಬಾಗಿದೆ ಅಥವಾ ಒಂದು ಕಡೆ ಹೆಚ್ಚು ಸವೆದಿದೆ ಎಂದು ತಿಳಿದು ತತ್‌ಕ್ಷಣ ನಿಲ್ಲಿಸಬೇಕು. ಹಿಡಿಯನ್ನು ಬಿಟ್ಟ ಮೇಲೆಯೂ ಬ್ಲೇಡು ತಿರುಗುತ್ತಲೇ ಇದ್ದರೆ ಕ್ಲಚ್ಚಿನ ಸ್ಪ್ರಿಂಗು ಮುರಿದಿರಬಹುದು, ಅಥವಾ ಎಂಜಿನಿನ ನಿಧಾನದ ಓಟ ಹೆಚ್ಚಾಗಿದೆ. ಅದು ಗುಣವಾಗುವವರೆಗೆ ಯಂತ್ರವನ್ನು ಹೊರಗೆ ತರಕೂಡದು. ಬ್ಲೇಡನ್ನು ಹಿಡಿದಿರುವ ನಟ್ಟು ಬಹುತೇಕ ಯಂತ್ರಗಳಲ್ಲಿ ಸಾಮಾನ್ಯ ನಟ್ಟಿಗೆ ವಿರುದ್ಧವಾಗಿ ಬಿಗಿಯುವುದು. ಇದನ್ನರಿಯದೆ ಬಿಚ್ಚುವೆನೆಂದು ಬಲ ಪ್ರಯೋಗಿಸಿದವರು ಅದನ್ನು ಇನ್ನೂ ಬಿಗಿದು ಮುರಿದಿದ್ದಾರೆ. ಮೇಲಿನಿಂದ ನೋಡಿದಾಗ ಬ್ಲೇಡು ಎಡಸುತ್ತಾಗಿ ತಿರುಗುವುದರಿಂದ ಬಲದಿಂದ ಎಡಕ್ಕೆ ಬೀಸಿ ಕೊಚ್ಚಬೇಕು. ಮುಂಭಾಗದ ಬಲ ಅಂಚು ಕೂಳೆಗೆ ತಗಲಿದರೆ ಯಂತ್ರವು ನಡೆಸುವವನನ್ನೇ ಒದೆಯುವುದು.

ತೋಟದ ಹಿತದೃಷ್ಟಿಯಿಂದಲೂ ಒಂದೆರಡು ಮಾತು. ಎಳೆಯ ಸಸಿಗಳ ಬುಡದಲ್ಲಿ ನೈಲಾನ್ ದಾರವನ್ನು ಹಚ್ಚಿದರೂ ತೊಗಟೆ ಸುಲಿಯುವುದು. ಬುಡದ ಒಂದು ಗೇಣನ್ನು ಕೈಯಿಂದಲೇ ಕೀಳುವುದು ಲೇಸು. ಹನಿ ನೀರಾವರಿಯ ಕೊಳವೆಗಳನ್ನು ಮೊದಲು ಸರಿಸಿಡಬೇಕು. ನೆಲ ಕೆರೆಯುವಷ್ಟು ಕೆಳಕ್ಕೆ ಕೊಚ್ಚುವುದರಿಂದ ಬ್ಲೇಡೂ ಹೋಗುವುದು, ಮಣ್ಣೂ ಹೋಗುವುದು. ನಾಲ್ಕು ಬೆರಳು ಬಿಟ್ಟು ಕೊಚ್ಚಿ ಹುಲ್ಲನ್ನು ಅಲ್ಲಿಯೇ ಹಾಸಿದರೆ ಇಳಿಜಾರಿನ ಮಣ್ಣನ್ನು ಮಳೆ ಒಯ್ಯುವುದಿಲ್ಲ. ಗುದ್ದಲಿಯಿಂದ ಅಗೆಯುವುದಕ್ಕಿಂತ ಈ ಯಂತ್ರ ಮೇಲೆಂದು ನಾನು ಹೇಳುವುದು ಮುಖ್ಯವಾಗಿ ಈ ಕಾರಣದಿಂದ.

ಹತ್ತು ಕೈಗಳ ವಿಷಯಕ್ಕೆ ಬರುವೆನು. ಸಂಘದ ಯಂತ್ರವು ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಮತ್ತೊಂದು ಮನೆಯಲ್ಲಿ ಇರುವುದು. ಪ್ರತಿಯೊಬ್ಬನೂ ತನ್ನ ದಿವಸದಲ್ಲಿ ಆದಷ್ಟು ಹೆಚ್ಚು ಕೆಲಸ ತೆಗೆಯಲು ನೋಡುವನು. ಫಿಲ್ಟರು ತೊಳೆಯುವುದು ನಾಳೆಯವನ ಕೆಲಸವೆಂದು ಎಲ್ಲರೂ ಭಾವಿಸುವರು. ಮಲೆನಾಡಿನ ಒಂದು ಗ್ರಾಮದಲ್ಲಿ ಸಂಘದ ಯಂತ್ರವು ಎರಡನೆಯ ಮಳೆಗಾಲದಲ್ಲಿಯೇ ನಿಂತಿತು. ಯಾರ ಕೈಯಲ್ಲಿ ನಿಂತಿತೆಂಬುದರ ಮೇಲೆ ಎರಡು ಮನೆಗಳ ನಡುವೆ ಮಾತು ಬಿಟ್ಟುಹೋಯಿತು. ರಿಪೇರಿಗೆ ಬೇಕಾಗಿದ್ದ ಹಣ ಅವರಿಬ್ಬರ ಒಂದು ವಾರದ ವೀಳ್ಯದೆಲೆಯ ಖರ್ಚಿಗಿಂತ ಹೆಚ್ಚಿರಲಿಲ್ಲ.

ಎತ್ತನ್ನು ಬಾಡಿಗೆಗೆ ಕೊಡುವವನು ಆಳನ್ನು ಜೊತೆಯಲ್ಲಿ ಕಳುಹಿಸುವನು. ಟ್ರ್ಯಾಕ್ಟರು ಬಾಡಿಗೆಗೆ ಹೋಗುವಾಗ ಡ್ರೈವರನೂ ಹೋಗುವನು. ಕಳೆಯಂತ್ರವು ಕೈಯಲ್ಲಿ ಹಿಡಿಯುವಷ್ಟು ಸಣ್ಣದೆಂಬ ಒಂದೇ ಕಾರಣದಿಂದ ಅದನ್ನು ಹಾರೆ ಗುದ್ದಲಿಗಳಂತೆ ಎರವಲು ಕೊಡುವುದು ಸರಿಯಲ್ಲ. ನನ್ನ ಖಚಿತವಾದ ಅಭಿಪ್ರಾಯವೇನೆಂದರೆ, ಗ್ರಾಮದ ಯಂತ್ರಕ್ಕೆ ಒಬ್ಬನೇ ಪಾಲಕನಿರಬೇಕು. ಯಂತ್ರ ಎಲ್ಲಿಗೆ ಹೋದರೂ ಅವನೊಡನೆಯೇ ಹೋಗಬೇಕು, ಅವನೊಡನೆಯೇ ಬರಬೇಕು. ಬಾಡಿಗೆಯಲ್ಲಿ ಅವನಿಗೆ ಗೊತ್ತಾದ ಕೂಲಿಯೂ ಯಂತ್ರದ ಸಾಮಾನುಗಳಿಗೆ ಒಂದು ಪಾಲೂ ಸೇರಿರಬೇಕು. ಪಾಲಕನು ಯಜಮಾನರ ಮನೆಯ ಹುಡುಗನೇ ಆಗಬೇಕೆಂಬುದಿಲ್ಲ. ಕೂಲಿಗೆ ಹೋಗುವ ಚುರುಕಾದ ಯುವಕನೊಬ್ಬನಿಗೆ ಇದನ್ನು ವಹಿಸಿದರೆ ಅವನು ಪಟ್ಟಣಕ್ಕೆ ಹೋಗದೆ ಊರಿನಲ್ಲಿಯೇ ನಿಲ್ಲುವ ಸಂಭವವೂ ಉಂಟು. ಕೆಲವು ಯಜಮಾನರು ಇದಕ್ಕೆ ಒಪ್ಪುವುದಿಲ್ಲ; ನಮ್ಮ ಯಂತ್ರಕ್ಕೆ ಅವನ ಅಪ್ಪಣೆಯೆ ಎಂದು ಕೇಳುವರು. ಅಪ್ಪಣೆ ಯಂತ್ರದ್ದೇ, ಅವನದಲ್ಲ.

ಇದಕ್ಕೆ ಬರುವ ಆಕ್ಷೇಪಣೆ ಇನ್ನೊಂದಿದೆ. ಈಗ ಅಗ್ಗದ ಯಂತ್ರಗಳು ಧಾರಾಳವಾಗಿ ದೊರೆಯುವುವು, ಹಾಳಾದರೆ ಹೊಸದನ್ನು ಕೊಂಡರಾಯಿತು, ಇಷ್ಟು ಉಪಚಾರವೇಕೆ ಎಂಬುದು. ಸಾಲವಿಲ್ಲದವನಿಗೆ ಈ ಮಾತು ಒಪ್ಪಬಹುದು. ಆದರೆ ಕಳೆಯು ಹೊಸ ಯಂತ್ರ ಬರುವವರೆಗೆ ಕಾಯುವುದಿಲ್ಲ. ಹೊಸ ಯಂತ್ರಕ್ಕೂ ಪೆಟ್ರೋಲು ಹಳಸುವುದೇ. ಕೊಳ್ಳುವಾಗ ಬೆಲೆಯನ್ನು ಕೇಳುವುದಕ್ಕೆ ಮುಂಚೆ ಅದರ ಫಿಲ್ಟರು, ಹಗ್ಗ, ಕಾರ್ಬುರೇಟರಿನ ಪೊರೆ ಇವು ನಮ್ಮ ತಾಲ್ಲೂಕಿನಲ್ಲಿಯೇ ಸಿಕ್ಕುವುವೆ ಎಂದು ಕೇಳುವುದು ಜಾಣತನ.

ಅಮೆರಿಕಾ ದೇಶದಲ್ಲಿ ವಿಶಾಲವಾದ ಹುಲ್ಲುಹಾಸುಗಳನ್ನು ಕತ್ತರಿಸಲು, ಮೇಲೆ ಕುಳಿತು ಎರಡು ಹಿಡಿಗಳಿಂದ ನಡೆಸುವ, ನಿಂತಲ್ಲಿಯೇ ಗಿರ್ರನೆ ತಿರುಗುವ ಒಂದು ಬಗೆಯ ಯಂತ್ರವಿದೆ. ಅದನ್ನು 1960ರ ದಶಕದಲ್ಲಿ ಕಾನ್ಸಾಸ್ ಪ್ರಾಂತದ ಹೆಸ್ಟನ್ ಎಂಬ ಸಣ್ಣ ಊರಿನಲ್ಲಿ ಮೊದಲು ನಿರ್ಮಿಸಿದರು. ನಮ್ಮ ಇಳಿಜಾರಿನ ತೋಟಗಳಿಗೆ ಅದು ಒದಗತಕ್ಕದ್ದಲ್ಲ. ಆದರೆ ಅಂಥ ಯಂತ್ರಗಳಲ್ಲಿ ಎಷ್ಟು ಗಂಟೆ ಓಡಿತೆಂದು ತೋರಿಸುವ ಗಡಿಯಾರ ಸಾಮಾನ್ಯವಾಗಿ ಇರುವುದು. ಆಯಿಲು, ಫಿಲ್ಟರು, ಬ್ಲೇಡು ಎಲ್ಲವನ್ನೂ ಆ ಗಂಟೆಗಳ ಲೆಕ್ಕದಿಂದಲೇ ನೋಡಿಕೊಳ್ಳುವರು, ಚಳಿಗಾಲಕ್ಕೆ ಮುಂಚೆ ಪೆಟ್ರೋಲಿನ ಏರ್ಪಾಡನ್ನೂ ಮಾಡುವರು. ನಮ್ಮ ಹೆಗಲ ಯಂತ್ರಗಳಲ್ಲಿ ಗಡಿಯಾರವಿರುವುದು ಅಪರೂಪ. ಅದರ ಬದಲಿಗೆ ನಾಲ್ಕಾಣೆ ಕೆಲಸದ ಒಂದು ನೋಟ್ ಪುಸ್ತಕ ಸಾಕು.

ಮೇ ತಿಂಗಳ ಮೂರನೆಯ ವಾರದಲ್ಲಿ, ಮಳೆಗೆ ಮುಂಚಿತವಾಗಿ, ಗ್ರಾಮದ ಯಂತ್ರಗಳನ್ನೆಲ್ಲ ಸಂಘದ ಕಟ್ಟೆಯ ಮೇಲೋ ಶಾಲೆಯ ಅಂಗಳದಲ್ಲೋ ಒಂದು ಬೆಳಿಗ್ಗೆ ಸೇರಿಸಿ, ಎಲ್ಲವನ್ನೂ ಹೊರಡಿಸಿ ನೋಡುವ ಏರ್ಪಾಡನ್ನು ಯಜಮಾನರು ಮಾಡಬೇಕೆಂದು ಕೋರುವೆನು. ಆ ದಿವಸ ಹೊರಡದ ಯಂತ್ರಕ್ಕೆ ರಿಪೇರಿ ಅಂಗಡಿಯಲ್ಲಿ ಇನ್ನೂ ಸ್ಥಳವಿರುವುದು. ಹೋಬಳಿಯ ರೈತ ಸಂಪರ್ಕ ಕೇಂದ್ರದವರಿಗೆ ಮುಂಚಿತವಾಗಿ ತಿಳಿಸಿ, ತಿಳಿದವರೊಬ್ಬರು ಬರುವಂತೆ ಕೇಳಿಕೊಳ್ಳಬಹುದು. ಒಂದು ಹೊಸ ಪ್ಲಗ್ಗು, ಪ್ಲಗ್ಗಿನ ಪಾನಾ, ಒಂದು ಮೊಳ ಪೆಟ್ರೋಲು ಕೊಳವೆ, ಟ್ಯಾಂಕಿನ ಫಿಲ್ಟರು, ಸ್ಟಾರ್ಟರಿನ ಹಗ್ಗ, ಗ್ರೀಸಿನ ಡಬ್ಬಿ, ಆಯಿಲಿನ ಅಳತೆ ಇಷ್ಟನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿಟ್ಟು ಪಾಲಕನ ವಶಕ್ಕೆ ಕೊಟ್ಟರೆ ವರ್ಷದ ಬಹುಪಾಲು ತೊಂದರೆ ತೋಟದಲ್ಲಿಯೇ ತೀರುವುದು.

ಪುಸ್ತಕದಲ್ಲಿ ಆರು ಕಲಮುಗಳಿದ್ದರೆ 充ಸಾಕು: ತಾರೀಖು, ಯಾರ ತೋಟ, ಎಷ್ಟು ಗಂಟೆ ಓಡಿತು, ಎಷ್ಟು ಪೆಟ್ರೋಲು, ಏನು ತೊಳೆದದ್ದು ಅಥವಾ ಬದಲಾಯಿಸಿದ್ದು, ಕಂಡ ದೋಷ. ತೋಟದ ಯಜಮಾನನೂ ಪಾಲಕನೂ ಸಂಜೆಯೇ ಅದಕ್ಕೆ ರುಜು ಹಾಕತಕ್ಕದ್ದು. ದೋಷವಿಲ್ಲದ ದಿವಸ ಕೊನೆಯ ಕಲಮಿನಲ್ಲಿ 'ಇಲ್ಲ' ಎಂದು ಬರೆಯಬೇಕು. ಅದು ಖಾಲಿಯಾಗಿದ್ದರೆ ಆ ದಿನ ಯಂತ್ರವನ್ನು ಯಾರೂ ನೋಡಿಲ್ಲವೆಂದು ಎಣಿಸತಕ್ಕದ್ದು.